ಔಷಧಿ ಚೀಟಿ ಬರೆದ ಮೇಲಿನ ಕೆಲಸ

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೋಷಿಯಲ್ ವರ್ಕರ್. 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಸ್ಥಳೀಯ ಆಸ್ಪತ್ರೆಗಳಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಟ್ಟು ನೋಡಿದ್ದೇ 1996ರಲ್ಲಿ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ಮನೋಚೈತನ್ಯ ಕ್ಲಿನಿಕ್ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಅವತ್ತು ಜನ ಜಾಸ್ತಿ. ಡಾಕ್ಟರಿಗೆ ಕಾಯಿಲೆ ವಿಚಾರಿಸುವಷ್ಟೇ ಹೊತ್ತು. ಮನೆ ಕಡೆಯದನ್ನು ವಿಚಾರಿಸುವುದು ನನ್ನ ಪಾಲು.

ನಾನು ಕೇಳುವುದು ಸುಮ್ನೆ ಹರಟೆ ಹೊಡೆದ ಹಾಗಿರುತ್ತದೆ. ಇವತ್ತು ಯಾರ ಕೂಲಿ ಹೋಯ್ತು? ರಾತ್ರಿ ಮಾತ್ರೆ ಯಾರು ಕೊಡ್ತಾರೆ? ಬಸ್ಸಿಗೆ ಎಷ್ಟಾಯ್ತು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ತಾಯಿಗೆ ಫ್ರೀ, ಮಗನಿಗೆ ಟಿಕೆಟ್ ಉಂಟು. ಹಾಗಾಗಿ ಕೆಲವು ತಾಯಂದಿರು ಮಗನನ್ನು ಮನೆಯಲ್ಲೇ ಬಿಟ್ಟು ಮಾತ್ರೆಗೆ ತಾವೊಬ್ಬರೇ ಬರುತ್ತಾರೆ. "ಪೇಷೆಂಟ್ ಎಲ್ಲಮ್ಮಾ?" ಅಂತ ಬೈಸಿಕೊಂಡರೂ ಕಾರಣ ಬಾಯಿಬಿಡುವುದಿಲ್ಲ.

ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇದ್ದ ಹುಡುಗನೊಬ್ಬ ಚೇತರಿಸಿಕೊಳ್ಳುತ್ತಲೇ ಇರಲಿಲ್ಲ. ಮನೆಗೇ ಹೋದೆ. ದೇವರ ಫೋಟೋ ಪಕ್ಕ ಬಿಸ್ಕತ್ ಡಬ್ಬಿ, ಅದರೊಳಗೆ ಅರ್ಧರ್ಧ ಮುರಿದಿಟ್ಟ ಮಾತ್ರೆ. "ಬೆಳಿಗ್ಗೆ ಇಡೀದು ಕೊಟ್ರೆ ಮಧ್ಯಾಹ್ನದ ತನಕ ತೂಕಡಿಸ್ತಾನೆ. ಹಸೂಗೆ ಮೇವು ಹಾಕೋರ್ಯಾರು?" ಅಂದರು ಅಜ್ಜಿ. ಅವರು ಹೇಳಿದ್ದು ಸರಿ ಅಲ್ವಾ? ಆ ಮನೆಯಲ್ಲಿ ಬರುವ ಕಾಸು ಹಾಲಿನದೇ. ಫೈಲಲ್ಲಿ 'ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ' ಅಂತ ಒಂದು ಸಾಲು ಗೀಚಿ ಮುಗಿಸಬಹುದಿತ್ತು. ನಾನು ಹಸುವಿನ ವಿಷಯವನ್ನೂ ಬರೆದೆ. ಡಾಕ್ಟರ್ ಓದಿ, ಬೆಳಗಿನ ಮಾತ್ರೆಯನ್ನೂ ರಾತ್ರಿಗೇ ಹಾಕಿದರು. ಮುರಿಯುವುದು ನಿಂತಿತು.

ಅಂಗವೈಕಲ್ಯ ಪ್ರಮಾಣಪತ್ರದ್ದು ಇನ್ನೊಂದು ತರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ. 40 ಇದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಕೈಕಾಲಿನ ಹಾಗೆ ಇದು ಕಣ್ಣಿಗೆ ಕಾಣುವುದಿಲ್ಲ. ತನ್ನ ಸ್ನಾನ ಊಟ ತಾನೇ ನೋಡಿಕೊಳ್ಳುತ್ತಾನಾ, ಜನರ ಜೊತೆ ಹೇಗಿದ್ದಾನೆ, ಹೇಳಿದ್ದು ತಿಳಿಯುತ್ತಾ, ಕೆಲಸ ಮಾಡ್ತಾನಾ, ಕಾಯಿಲೆ ಎಷ್ಟು ವರ್ಷದ್ದು, ಇದನ್ನೆಲ್ಲ ಕೇಳಿ ಅಂಕ ಹಾಕುತ್ತಾರೆ. ಮನೆಯವರು ಅವತ್ತು ಏನು ಮಾಡುತ್ತಾರೆ ಗೊತ್ತಾ? ಗಡ್ಡ ಬೋಳಿಸಿ, ಹಬ್ಬದ ಶರ್ಟ್ ಹಾಕಿಸಿ ಕರೆತರುತ್ತಾರೆ. ಕೇಳಿದ್ದಕ್ಕೆಲ್ಲ "ಪರವಾಗಿಲ್ಲ ಸಾರ್, ಮಾಡ್ಕೋತಾನೆ" ಅನ್ನುತ್ತಾರೆ. ನಾಲ್ಕು ಜನರ ಮುಂದೆ ಮಗನ ಮರ್ಯಾದೆ ಕಳೆಯಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಅಂಕ ಕಡಿಮೆ ಬಿದ್ದು ಮಾಸಾಶನ ಕೈತಪ್ಪುತ್ತದೆ. ಅದಕ್ಕೇ ಹಿಂದಿನ ವಾರವೇ ಕೂರಿಸಿಕೊಂಡು ಹೇಳುತ್ತೇನೆ: "ಜಾಸ್ತಿ ಮಾಡಿ ಹೇಳಬೇಡಿ, ಮುಚ್ಚಿಡಲೂಬೇಡಿ. ನಿನ್ನೆ ಸ್ನಾನ ಮಾಡಿಸಿದ್ದು ಯಾರು, ಅಷ್ಟು ಹೇಳಿ ಸಾಕು."

ಆಮೇಲೆ ಮಾಸಾಶನದ ಅರ್ಜಿಗೆ ನಾಡಕಚೇರಿ ಅಲೆದಾಟ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯು ಜೊತೆಗಿದ್ದರೆ ಅರ್ಧ ಕೆಲಸ ಹಗುರ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸುತ್ತೇನೆ. ಮಂಜೂರಾದ ಮೇಲೆ ದುಡ್ಡು ಎಲ್ಲಿ ನಿಂತಿತು ಅಂತ ಹುಡುಕುವುದಕ್ಕಿಂತ ಅದು ವಾಸಿ.