ಡಿವಿಆರ್ ಡಿಸ್ಕ್ ಇಮೇಜಿಂಗ್, ಹಳೇ ಲ್ಯಾಪ್‌ಟಾಪಲ್ಲೇ: ನನ್ನ ಅನುಭವ

ರೈಟ್ ಬ್ಲಾಕರ್ (ಡಿಸ್ಕ್ ಮೇಲೆ ಏನೂ ಬರೀದಂಗೆ ತಡೆಯೋ ಸಾಧನ) ಇಲ್ದೆ ಎವಿಡೆನ್ಸ್ ಡಿಸ್ಕ್ ಮುಟ್ಟಬೇಡ ಅಂತ ಬೈದವ್ರೇ ಈಗ ಫೋನ್ ಮಾಡಿ, ಸಿಸಿಟಿವಿ ರೆಕಾರ್ಡರ್ (ಡಿವಿಆರ್) ಡಿಸ್ಕನ್ನ ಇದ್ದಹಂಗೇ ಪೂರ್ತಿ ಕಾಪಿ ತೆಗೆಯೋದು, ಅಂದ್ರೆ ಇಮೇಜಿಂಗ್, ಹೆಂಗಪ್ಪಾ ಮಾಡ್ದೆ ಅಂತಿದಾರೆ, ಅದಕ್ಕೇ ಬರೀತಿದೀನಿ.

ಬೈದಿದ್ದು ಸುಮ್ನೆ ಅಲ್ಲ ಬಿಡಿ. ಮೊದಲ್ನೇ ವರ್ಷ ಒಬ್ರು ವಕೀಲರು ಕೊಟ್ಟ ಡಿವಿಆರ್ ಡಿಸ್ಕನ್ನ ಸೀದಾ ವಿಂಡೋಸ್‌ಗೆ ಹಾಕ್ದೆ, ಆ ಫಾರ್ಮ್ಯಾಟ್ ಅದಕ್ಕೆಲ್ಲಿ ಅರ್ಥ ಆಗ್ಬೇಕು, ಇನಿಷಿಯಲೈಸ್ (ಹೊಸ ಡಿಸ್ಕ್ ಥರ ಸಿದ್ಧ) ಮಾಡ್ಲಾ ಅಂತ ಬಾಕ್ಸ್ ಬಂತು, ಟೀ ಕುಡೀತಾ ಓಕೆ ಒತ್ತಿಬಿಟ್ಟೆ. ಡಿಸ್ಕ್ ಮೊದಲ್ನೇ ಸೆಕ್ಟರೇ (ಡಿಸ್ಕ್ ಮೇಲಿನ ಚಿಕ್ಕ ತುಂಡು) ಬದಲಾಯ್ತು, ಮುಂಚೆ ತೆಗೆದಿಟ್ಟಿದ್ದ ಹ್ಯಾಶ್ (ಡೇಟಾದ ಬೆರಳಚ್ಚು ಥರದ ನಂಬರ್, ಸ್ವಲ್ಪ ಬದಲಾದ್ರೂ ಬೇರೆ ಬರುತ್ತೆ) ಒಂದು, ನಂದು ಇನ್ನೊಂದು. ಅಡ್ವಾನ್ಸ್ 8 ಸಾವಿರ ವಾಪಸ್ ಕೊಟ್ಟೆ, ಕಾಲಿಗೆ ಬೀಳೋದೊಂದು ಬಾಕಿ.

ಈ ಸಲದ್ದು ಅಕ್ಕಿ ಗಿರಣಿ ಕಳ್ಳತನ. 1 ಟಿಬಿ ಡಿಸ್ಕ್, ಕಟಕಟ ಸದ್ದು. ಬೆಂಗ್ಳೂರಲ್ಲಿ ಡೇಟಾ ತೆಗೆಯೋಕೆ 60 ಸಾವಿರ ಕೇಳಿ ಗ್ಯಾರಂಟಿನೂ ಇಲ್ಲ ಅಂದಿದ್ರಂತೆ. ನಂದು 4-5 ಸಾವಿರದ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್, ಇನ್ಸ್ಟಾಲ್ ಮಾಡ್ದೇ ಓಡೋ ಲೈವ್ ಲಿನಕ್ಸ್, ಡಿಸ್ಕನ್ನ ತಾನಾಗೇ ತೆರೆಯೋ ಆಟೋಮೌಂಟ್ ಆಫ್, ಡಿಸ್ಕ್ ಕಂಡ ತಕ್ಷಣ ರೀಡ್‌ಓನ್ಲಿ. ಬ್ಲಾಕರ್‌ಗೆ ಇದು ಸಮ ಅನ್ನಲ್ಲ, ಆದ್ರೆ ಮೊದ್ಲು ಬೇರೆ ಡಿಸ್ಕ್ ಮೇಲೆ ಹತ್ತು ಸಲ ಹಾಕಿ ತೆಗೆದು ಹ್ಯಾಶ್ ಹಂಗೇ ಇದೆ ಅಂತ ಬರೆದಿಟ್ಕೊಂಡಿದ್ದೆ.

ಬರೀ ಡಿಡಿ (ಲಿನಕ್ಸ್ ಕಾಪಿ ಕಮಾಂಡ್) 300 ಜಿಬಿ ಹತ್ರ ನಿಂತೋಯ್ತು. ಆಮೇಲೆ ಕೆಟ್ಟ ಡಿಸ್ಕ್ ಕಾಪಿ ಮಾಡೋಕೆ ಅಂತ್ಲೇ ಇರೋ ಡಿಡಿರೆಸ್ಕ್ಯೂ, ಮೊದ್ಲು ಕೆಟ್ಟ ಜಾಗ ಬಿಟ್ಟು ಓಡ್ಸಿ, ಆಮೇಲೆ ಡಿಸ್ಕ್ ಕೊನೆಯಿಂದ ಶುರುವಿನ ಕಡೆಗೆ. ಟೇಬಲ್ ಫ್ಯಾನ್ ಇಟ್ಟು ಮೂರು ದಿನ, ರಾತ್ರಿ ಎದ್ದೆದ್ದು ನೋಡೋದು. ಓದೋಕಾಗ್ದೆ ಉಳಿದಿದ್ದು ಸುಮಾರು 40 ಕೆಬಿ ಅಷ್ಟೇ! ಓದೋಕಾಗ್ದಿರೋ ಸೆಕ್ಟರ್ ಇರೋ ಡಿಸ್ಕ್‌ದು ಹ್ಯಾಶ್ ನಂಬೋಕಾಗಲ್ಲ, ಅದಕ್ಕೆ ಇಮೇಜ್‌ಗೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಎಲ್ಲೆಲ್ಲಿ ಓದೋಕಾಗ್ಲಿಲ್ಲ ಅಂತ ತೋರ್ಸೋ ಮ್ಯಾಪ್ ಫೈಲನ್ನೂ ರಿಪೋರ್ಟ್‌ಗೆ ಸೇರಿಸ್ದೆ. ಡಿವಿಆರ್ ಕಂಪನಿ ಪ್ಲೇಯರ್ ಇಲ್ದೆ ವಿಡಿಯೋ ಹೆಂಗ್ ಹೊರಗ್ ತಂದೆ ಅನ್ನೋದು ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಕೆಟ್ಟ ಡಿಸ್ಕ್ ಫ್ರೀಜರಲ್ಲಿಟ್ರೆ ಓದುತ್ತೆ ಅಂತಾರಲ್ಲ, ನಂದೇ ಗುಜರಿ ಡಿಸ್ಕ್ ಇಟ್ಟು ನೋಡ್ದೆ, ಒಳಗೆ ನೀರು ಕೂತು ಇದ್ದ ಜೀವನೂ ಹೋಯ್ತು. ಎಸ್‌ಎಸ್‌ಡಿಲಿ ಫೋಟೋ ಡಿಲೀಟ್ ಮಾಡಿ ಸ್ವಲ್ಪ ಹೊತ್ತಿಗೆ ನೋಡಿದ್ರೆ ಟ್ರಿಮ್ (ಡಿಲೀಟ್ ಆದ ಜಾಗ ಖಾಲಿ ಅಂತ ಎಸ್ಎಸ್ಡಿಗೆ ಹೇಳೋ ವ್ಯವಸ್ಥೆ) ಎಲ್ಲಾ ಸೊನ್ನೆ ಮಾಡಿತ್ತು.

ಗಿರಣಿ ಕೇಸಲ್ಲಿ ಎದುರು ವಕೀಲರು ಹಿಡ್ಕೊಂಡಿದ್ದು ಟೈಮು. ಡಿವಿಆರ್ ಗಡಿಯಾರ 17 ನಿಮಿಷ ಮುಂದಿತ್ತು, ಪವರ್ ತೆಗಿಯೋಕೆ ಮುಂಚೆ ಪಕ್ಕದಲ್ಲಿ ಮೊಬೈಲ್ ಟೈಮ್ ಇಟ್ಟು ಫೋಟೋ ಹೊಡೆದಿದ್ದೆ, ತೋರಿಸ್ದೆ, ಸುಮ್ನಾದ್ರು. ಡಿಜಿಟಲ್ ಸಾಕ್ಷ್ಯದ ಸರ್ಟಿಫಿಕೇಟ್ಗೆ ಹಳೇ ಎವಿಡೆನ್ಸ್ ಆಕ್ಟ್ 65ಬಿ ಜಾಗದಲ್ಲಿ 2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಲ್ವಾ, ಅದರ ಎ ಭಾಗಕ್ಕೆ ಗಿರಣಿ ಓನರ್ ಸಹಿ, ಎಕ್ಸ್ಪರ್ಟ್ ತುಂಬೋ ಬಿ ಭಾಗಕ್ಕೆ ನಂದು, ಹ್ಯಾಶ್ ಎರಡರಲ್ಲೂ. ಸಹಿ ಹಾಕೋಕೆ ಓಡಿ ಬಂದ ಓನರ್, ನನ್ನ ಕೊನೇ ಕಂತು 6 ಸಾವಿರ ಕೇಳಿದ್ರೆ ಮಾತ್ರ ಮುಂದಿನ ಲೋಡ್ ಹೋಗ್ಲಿ ತಡಿ ಅಂತಾನೆ.