ಪ್ರಶ್ನೆ ಕೇಳಿ ಸುಮ್ಮನಿರುವುದು

ಅಘನಾಶಿನಿ ಹೊಳೆಯ ದಂಡೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಆಳವಾಗಿ ಯೋಚಿಸಬೇಕು ಅಂದ್ರೆ ಮೊದಲು ಅವರಿಗೆ ಹೊತ್ತು ಕೊಡಬೇಕು. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡು. 3 ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಜಾಸ್ತಿ ಮಕ್ಕಳು ಮಾತಾಡುತ್ತಾರೆ. ನಾನು ಮನಸ್ಸಲ್ಲೇ ಐದರವರೆಗೆ ಎಣಿಸುತ್ತೇನೆ. ಒಬ್ಬರು ಉತ್ತರ ಹೇಳಿದ ಮೇಲೂ ಎಣಿಸುತ್ತೇನೆ. ಆಗ ಆ ಮಗುವೇ "ಯಾಕಂದ್ರೆ ಸರ್..." ಅಂತ ಮುಂದುವರಿಸುತ್ತದೆ. ತಕ್ಷಣ "ಗುಡ್" ಅಂದುಬಿಟ್ಟರೆ ಉಳಿದವರ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆಗೂ ಅಷ್ಟು ತೂಕ ಇರಬೇಕು, ಅಲ್ವಾ? "ಉಬ್ಬರ ಎಂದರೇನು?" ಎಂದರೆ ಪುಸ್ತಕದ ಸಾಲು ಬರುತ್ತದೆ. ಅದಕ್ಕೇ, ಕಡಲ ಉಬ್ಬರಕ್ಕೆ ತುಂಬುವ ನಮ್ಮ ಹೊಳೆಯನ್ನೇ ಹಿಡಿದು ಹೀಗೆ ಕೇಳಿದೆ: "ಇವತ್ತು ಹತ್ತಕ್ಕೆ ಹೊಳೆ ತುಂಬಿತ್ತು. ನಾಳೆ ಎಷ್ಟಕ್ಕೆ ತುಂಬತ್ತೆ? ಯಾಕೆ?" ಮಾತಿಗೆ ಮೊದಲು ಎಲ್ಲರೂ ಬರೆಯಲೇಬೇಕು. ಇಲ್ಲದಿದ್ದರೆ ಮುಂದಿನ ಬೆಂಚಿನವರ ಉತ್ತರವೇ ಎಲ್ಲರ ಉತ್ತರ ಆಗುತ್ತದೆ. ಹೆಚ್ಚಿನವರು ಹತ್ತು ಎಂದೇ ಬರೆದರು. ಒಬ್ಬ ಹುಡುಗಿ ಬರೆದಳು: "ಹತ್ತೂ ಮುಕ್ಕಾಲು. ಅಮ್ಮ ಇಳಿತ ನೋಡಿ ಬಳಚು (ಚಿಪ್ಪುಮೀನು) ಹೆಕ್ಕಲು ಹೋಗ್ತಾಳೆ, ದಿನಾ ಮುಕ್ಕಾಲು ತಾಸು ತಡವಾಗಿ." ಇಂಥ ತಿಳಿವಳಿಕೆ ಮನೆಯಲ್ಲೇ ಇರುತ್ತದೆ. ಅದು ತರಗತಿಯೊಳಗೆ ಬರಲು ದಾರಿ ಬೇಕು.

ಯಾರದು ಸರಿ ಎಂದು ನಾನು ಹೇಳಲಿಲ್ಲ. ನೀರಿನಲ್ಲಿ ಗುರುತು ಹಾಕಿದ ಕೋಲು ನೆಟ್ಟು, ವಾರವಿಡೀ ಹೊತ್ತು ಬರೆದಿಟ್ಟರು. ಮೊದಲ ದಿನ ಹತ್ತಕ್ಕೆ ಹೊಳೆ ತುಂಬುವ ವಾರವನ್ನೇ ಆರಿಸಿದರೆ ಅಳತೆಯೆಲ್ಲ ಶಾಲೆಯ ಹೊತ್ತಿನಲ್ಲೇ ಸಿಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿತ್ತು. ಚಂದ್ರ ಹುಟ್ಟುವುದೂ ದಿನಾ ತಡ ಆಗುತ್ತದೆ ಎಂದು ಒಬ್ಬ ನೆನಪಿಸಿದ. ಅಂಗಳದಲ್ಲಿ ಒಬ್ಬ ಭೂಮಿಯಾಗಿ ನಿಂತಲ್ಲೇ ತಿರುಗಿದ, ಇನ್ನೊಬ್ಬ ಚಂದ್ರನಾಗಿ ಅವನ ಸುತ್ತ ನಿಧಾನಕ್ಕೆ ನಡೆದ. ಭೂಮಿಯ ಒಂದು ಸುತ್ತು ಮುಗಿದಾಗ ಚಂದ್ರ ಎದುರಿಗಿಲ್ಲ, ಸ್ವಲ್ಪ ಮುಂದೆ ಹೋಗಿದ್ದಾನೆ! ಭೂಮಿ ಇನ್ನೊಂದಿಷ್ಟು ತಿರುಗಬೇಕಾಯಿತು. ಕಾರಣ ಅವರ ಬಾಯಿಂದಲೇ ಬಂತು.

ಪೋರ್ಷನ್ ಮುಗಿಯುತ್ತಾ ಎಂದು ಜೊತೆಯ ಶಿಕ್ಷಕರು ಕೇಳುತ್ತಾರೆ. ಎಲ್ಲ ಪಾಠಕ್ಕೂ ಇಷ್ಟು ಹೊತ್ತು ಸಿಗುವುದಿಲ್ಲ. ಪಾಠಕ್ಕೊಂದು ಇಂಥ ಪ್ರಶ್ನೆ ಆರಿಸಿಕೊಂಡು ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಈಗ ಬೋರ್ಡಿನ ಮೇಲೆ ಇರುವುದು ಮಕ್ಕಳದೇ ಪ್ರಶ್ನೆ: ಚಂದ್ರ ಒಬ್ಬನೇ, ದಿನಕ್ಕೆ ಎರಡು ಉಬ್ಬರ ಯಾಕೆ? ಶನಿವಾರ ಎಲ್ಲರೂ ತಮ್ಮ ತಮ್ಮ ಕಾರಣ ಬರೆದು ತರಬೇಕು.