ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಂತಿತು?

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸುತ್ತಲಿನ ಹಳ್ಳಿಗಳನ್ನು ಅಲೆದು, ಹಾಡುವ ಅಜ್ಜಿಯರನ್ನು ಹುಡುಕಿ ಸೋಬಾನೆ ಪದಗಳನ್ನು ಬರೆದುಕೊಂಡು ಬರುತ್ತಿದ್ದರು. ಸಂಜೆ ಕುಳಿತು ಅವನ್ನು ಟೈಪ್ ಮಾಡುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಅವರ ಕಂಪ್ಯೂಟರಿನ ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ರಿಪೇರಿಗೆ ಕೊಟ್ಟರು. ಎರಡು ದಿನದ ಮೇಲೆ ಕಂಪ್ಯೂಟರ್ ಚೆನ್ನಾಗಿ ಓಡುತ್ತ ಮನೆಗೆ ಬಂತು, ಹಾಡುಗಳು ಬರಲಿಲ್ಲ. ಫೋನ್ ಮಾಡಿ ಕೇಳಿದರೆ, ‘ರ‍್ಯಾಮ್ ತೆಗೆದು ಒರೆಸಿ ಹಾಕಿದ್ದೇವೆ ಸರ್, ಜೊತೆಗೆ ವಿಂಡೋಸನ್ನೂ ಹೊಸದಾಗಿ ಹಾಕಿಕೊಟ್ಟಿದ್ದೇವೆ’ ಎಂಬ ಉತ್ತರ ಬಂತು. ರ‍್ಯಾಮ್ ಎಂದರೆ ಕಂಪ್ಯೂಟರ್ ಓಡುವಾಗ ಬಳಸುವ ತಾತ್ಕಾಲಿಕ ನೆನಪಿನ ಪಟ್ಟಿ. ಅದನ್ನು ಒರೆಸಿದಾಗಲೇ ಕಾಯಿಲೆ ವಾಸಿಯಾಗಿತ್ತು. ಆಮೇಲೆ ಡಿಸ್ಕ್ ಅಳಿಸಿ ವಿಂಡೋಸ್ ಹಾಕಿದ್ದು ಬೇಡವೇ ಬೇಡದ ಕೆಲಸ, ಹಾಡುಗಳು ಹೋಗಿದ್ದು ಅದರಿಂದಲೇ.

ಅಂದಿನಿಂದ ಯಾರೇ ‘ಕಂಪ್ಯೂಟರ್ ಆನ್ ಆಗುತ್ತಿಲ್ಲ’ ಎಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಯವರೆಗೆ ಬಂದು ನಿಂತಿತು?

ಆನ್ ಮಾಡಿದ ಕ್ಷಣದಲ್ಲಿ ಕಂಪ್ಯೂಟರಿನ ರ‍್ಯಾಮ್ ಖಾಲಿ. ವಿಂಡೋಸ್ ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯ) ಒಂದು ಚಿಪ್ಪಿನಲ್ಲಿರುವ ಸಣ್ಣ ಪ್ರೋಗ್ರಾಂ ಎಚ್ಚರಗೊಂಡು ತನಗಿಂತ ದೊಡ್ಡದನ್ನು ಎಬ್ಬಿಸುತ್ತದೆ, ಅದು ಇನ್ನೂ ದೊಡ್ಡದನ್ನು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವುದು ಎಂಬ ಇಂಗ್ಲಿಷ್ ಮಾತಿನಿಂದಲೇ ‘ಬೂಟ್’ ಆಗುವುದು ಎಂಬ ಹೆಸರು ಬಂತು. ಈ ಏಳುವಿಕೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮೊದಲು ಕರೆಂಟು ಒಳಗೆ ಬರಬೇಕು. ಮದರ್‌ಬೋರ್ಡ್ ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳಬೇಕು. ಡಿಸ್ಕಿನಲ್ಲಿ ವಿಂಡೋಸ್ ಸಿಗಬೇಕು. ಕೊನೆಗೆ ವಿಂಡೋಸ್ ತಾನಾಗಿ ಮೇಲೇಳಬೇಕು. ನಿಂತ ಮೆಟ್ಟಿಲು ಯಾವುದೆಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ. ಪರದೆಯ ಮೇಲೆ ಏನೇ ಅಕ್ಷರ ಬಂದರೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೀಪವೂ ಇಲ್ಲ, ಸದ್ದೂ ಇಲ್ಲ

ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಗೋಡೆಯಿಂದ ಹುಡುಕುತ್ತ ಬನ್ನಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ. ಬ್ಯಾಟರಿ ಹಳೆಯದಾದ ಯುಪಿಎಸ್ ಎಷ್ಟೋ ಸಲ ಕಂಪ್ಯೂಟರಿನ ಮೇಲೆ ಅಪವಾದ ತರುತ್ತದೆ. ನಾವು ಸಿಪಿಯು ಎಂದು ಕರೆಯುವ ಡಬ್ಬಿಯ ಹಿಂಬದಿಯಲ್ಲಿ, ಕರೆಂಟಿನ ಕೇಬಲ್ ಸೇರುವ ಜಾಗದ ಪಕ್ಕದಲ್ಲೇ ಸಾಮಾನ್ಯವಾಗಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಕೈ ತಗುಲಿ ಅದು ಆಫ್ ಆಗಿರಬಹುದು.

ಇಷ್ಟಾದರೂ ಜೀವ ಬರದಿದ್ದರೆ ಕೇಬಲ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಒಳಗೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಮತ್ತೆ ಸಿಕ್ಕಿಸಿ ಆನ್ ಮಾಡಿ. ಲ್ಯಾಪ್‌ಟಾಪ್‌ಗೂ ಇದೇ ಉಪಾಯ: ಚಾರ್ಜರ್ ತೆಗೆದು ಗುಂಡಿ ಒತ್ತಿ ಹಿಡಿಯಿರಿ, ಆಮೇಲೆ ಚಾರ್ಜರ್ ಹಾಕಿ ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ಮಲೆನಾಡು, ಕರಾವಳಿಯ ಕಡೆ ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಮಾರನೆಯ ದಿನ ಕಂಪ್ಯೂಟರ್ ಸತ್ತಂತೆ ಬಿದ್ದಿದ್ದರೆ ಅನುಮಾನ ಪಡಬೇಕಾದದ್ದು ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಪೆಟ್ಟಿಗೆ ಅದು. ಬೇರೊಂದು ಎಸ್‌ಎಂಪಿಎಸ್ ಹಾಕಿಸಿ ನೋಡುವುದೇ ಸರಿಯಾದ ಪರೀಕ್ಷೆ. ಆ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಲ್ಯಾಪ್‌ಟಾಪಿನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಅದು ಬ್ಯಾಟರಿ ಊದಿಕೊಂಡ ಗುರುತು. ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ, ನೇರವಾಗಿ ಸರ್ವೀಸಿಗೆ ಒಯ್ಯಿರಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮೇಷ್ಟ್ರ ಕಂಪ್ಯೂಟರ್ ನಿಂತಿದ್ದು ಇಲ್ಲಿ. ಈ ಹಂತದಲ್ಲಿ ವಿಂಡೋಸಿನ ಸರದಿಯೇ ಬಂದಿರುವುದಿಲ್ಲ.

ಮಾನಿಟರಿನ ದೀಪ, ಕೇಬಲ್ ಮತ್ತು ಇನ್‌ಪುಟ್ ಸರಿಯಾಗಿವೆಯೇ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಕೇಬಲನ್ನು ಕಾರ್ಡಿಗೇ ಸಿಕ್ಕಿಸಬೇಕು. ಮದರ್‌ಬೋರ್ಡಿನ ಕಿಂಡಿಗೆ ಹಾಕಿ ಪರದೆ ಬರಲಿಲ್ಲವೆಂದು ಕಾದವರನ್ನು ಕಂಡಿದ್ದೇನೆ. ಲ್ಯಾಪ್‌ಟಾಪ್ ಆದರೆ ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಕಂಪ್ಯೂಟರ್ ಎದ್ದಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದು ಅರ್ಥ.

ಬೀಪ್ ಸದ್ದು ಬಂದರೆ ಎಣಿಸಿಕೊಳ್ಳಿ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದು ಮದರ್‌ಬೋರ್ಡ್ ಆಡುವ ಮಾತು. ಒಂದೊಂದು ಕಂಪನಿಯದು ಒಂದೊಂದು ಭಾಷೆಯಾದ್ದರಿಂದ ಕೈಪಿಡಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಬಿಡದೆ ಕೂಗುವ ಬೀಪ್ ಬಹಳಷ್ಟು ಸಲ ರ‍್ಯಾಮಿನ ದೂರು.

ರ‍್ಯಾಮ್ ತೆಗೆದು ಹಾಕುವುದನ್ನು ಡೆಸ್ಕ್‌ಟಾಪ್ ಇರುವ ಪ್ರತಿಯೊಬ್ಬರೂ ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಡಬ್ಬಿಯ ಪಕ್ಕದ ತಗಡನ್ನು ತೆಗೆಯಿರಿ. ಬಣ್ಣ ಹಚ್ಚದ ಯಾವುದಾದರೂ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲಿ. ಉದ್ದನೆಯ ಪಟ್ಟಿಯಂತೆ ನಿಂತಿರುವುದೇ ರ‍್ಯಾಮ್. ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಅದು ಮೇಲೇಳುತ್ತದೆ. ಅಂಚನ್ನು ಮಾತ್ರ ಹಿಡಿದು ಬೆಳಕಿಗೆ ಒಡ್ಡಿ ನೋಡಿ: ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಂದು ಪೊರೆಯೊಂದು ಕೂತಿರಬಹುದು. ಶಾಲೆಯ ಮಕ್ಕಳ ಮೆತ್ತನೆಯ ರಬ್ಬರಿನಿಂದ ಮೇಲಿನಿಂದ ಕೆಳಕ್ಕೆ ಹಗುರವಾಗಿ ಉಜ್ಜಿದರೆ ಹಲ್ಲುಗಳು ಹೊಳೆಯುತ್ತವೆ. ರಬ್ಬರಿನ ಚೂರುಗಳನ್ನು ಒಣ ಬ್ರಷ್ಷಿನಿಂದ ಕೊಡವಿ. ಪಟ್ಟಿಯ ಕೆಳಗಿನ ಕಚ್ಚು ಸ್ಲಾಟಿನ ಉಬ್ಬಿಗೆ ಕೂಡುವಂತೆ ಇಟ್ಟು, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ. ಕ್ಲಿಪ್ ‘ಟಕ್’ ಎಂದು ಕಚ್ಚಿಕೊಂಡರೆ ಸರಿಯಾಗಿ ಕೂತಿದೆ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಸಿಕ್ಕಿಬೀಳುತ್ತದೆ. ಹೊಸ ಡಿಡಿಆರ್5 ರ‍್ಯಾಮ್ ಇರುವ ಕಂಪ್ಯೂಟರ್ ಈ ಕೆಲಸದ ನಂತರ ಮೊದಲ ಸಲ ಏಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಾಗಿದೆ ಎಂದು ಅವಸರಪಟ್ಟು ಆರಿಸಬೇಡಿ.

‘ಬೂಟ್ ಡಿವೈಸ್ ಇಲ್ಲ’ ಎನ್ನುತ್ತದೆ

ಕಂಪನಿಯ ಲಾಂಛನ ಬಂದು, ಆಮೇಲೆ ಬೂಟ್ ಮಾಡಲು ಡಿವೈಸ್ ಸಿಗುತ್ತಿಲ್ಲ ಎಂಬ ಸಾಲು ಬಂದರೆ ಮೂರನೆಯ ಮೆಟ್ಟಿಲಿನಲ್ಲಿದ್ದೀರಿ. ಸಿಕ್ಕಿಸಿ ಮರೆತ ಪೆನ್‌ಡ್ರೈವ್ ಇದ್ದರೆ ಮೊದಲು ಕೀಳಿ, ಕಂಪ್ಯೂಟರ್ ಅದರಲ್ಲಿ ವಿಂಡೋಸ್ ಹುಡುಕುತ್ತಿರಬಹುದು. ಆನ್ ಮಾಡುತ್ತಲೇ ಎಫ್2 ಅಥವಾ ಡಿಲೀಟ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಬಯೋಸ್, ಅಂದರೆ ಚಿಪ್ಪಿನಲ್ಲಿರುವ ಆ ಮೊದಲ ಸಣ್ಣ ಪ್ರೋಗ್ರಾಮಿನ ಸೆಟ್ಟಿಂಗುಗಳ ಪರದೆ ತೆರೆಯುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಎಸ್ಕೇಪ್ ಅಥವಾ ಎಫ್10. ಅಲ್ಲಿ ನಿಮ್ಮ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಹೆಸರು ಕಾಣಿಸುತ್ತಿದೆಯೇ ಎಂಬುದೇ ಮುಖ್ಯ. ಕಂಡರೆ ಬೂಟ್ ಕ್ರಮದಲ್ಲಿ ಅದನ್ನು ಮೇಲಕ್ಕೆ ತನ್ನಿ. ಕಾಣದಿದ್ದರೆ ಕಂಪ್ಯೂಟರ್ ಆರಿಸಿ ಅದರ ಕೇಬಲ್ ಬಿಗಿ ಮಾಡಿ.

ಗಡಿಯಾರ ಪ್ರತಿ ಸಲವೂ ಹಳೆಯ ವರ್ಷಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ವಾಚ್ ಅಂಗಡಿಯಲ್ಲೂ ಸಿಗುವ ಇದನ್ನು ಬದಲಿಸಿದರೆ ಬಯೋಸಿನ ಸೆಟ್ಟಿಂಗುಗಳು ಮರೆತುಹೋಗುವುದು ನಿಲ್ಲುತ್ತದೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಜಾಲತಾಣಗಳೂ ತೆರೆಯುವುದಿಲ್ಲ.

ಹಾರ್ಡ್‌ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ಫೈಲುಗಳು ಕೈತಪ್ಪುವ ಅಪಾಯ ಹೆಚ್ಚುತ್ತದೆ. ಡಿಸ್ಕನ್ನು ತೆರೆಯದೆ ಹಾಗೆಯೇ ಕಂಪ್ಯೂಟರಿನಿಂದ ಕಳಚಿ, ಡೇಟಾ ಹೊರತೆಗೆಯುವ ತಜ್ಞರಿಗೆ ಕೊಡಿ.

ವಿಂಡೋಸ್ ಏಳುತ್ತ ಏಳುತ್ತ ಬೀಳುತ್ತದೆ

ಚುಕ್ಕಿಗಳು ಸುತ್ತುತ್ತಲೇ ಇರುವುದು, ತಾನಾಗಿ ಮತ್ತೆ ಮತ್ತೆ ರಿಸ್ಟಾರ್ಟ್ ಆಗುವುದು, ನೀಲಿ ಪರದೆ ಬರುವುದು ಕೊನೆಯ ಮೆಟ್ಟಿಲಿನ ತೊಂದರೆಗಳು. ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಆ ನೀಲಿ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ. ಅಪ್‌ಡೇಟ್ ನಡೆಯುತ್ತಿದೆ ಎಂಬ ಬರಹವಿದ್ದರೆ ಒಂದೆರಡು ಗಂಟೆಯಾದರೂ ಕಾಯಿರಿ, ನಡುವೆ ಕರೆಂಟು ತೆಗೆಯಬೇಡಿ.

ಇಲ್ಲಿ 2024ರ ಜುಲೈ 19ನ್ನು ನೆನಪಿಸಿಕೊಳ್ಳಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅದಕ್ಕೆ ಮದ್ದೇನೆಂದರೆ, ಸೇಫ್ ಮೋಡಿನಲ್ಲಿ, ಅಂದರೆ ಅತ್ಯಗತ್ಯವಾದಷ್ಟನ್ನೇ ಹೊತ್ತು, ಕಂಪ್ಯೂಟರನ್ನು ಎಬ್ಬಿಸಿ ಆ ಒಂದು ಫೈಲನ್ನು ಅಳಿಸುವುದು. ಅದಕ್ಕಾಗಿ ಫಾರ್ಮ್ಯಾಟ್ ಮಾಡುವ, ಅಂದರೆ ಡಿಸ್ಕನ್ನೇ ಅಳಿಸುವ ಅಗತ್ಯ ಇರಲಿಲ್ಲ. ನಿಮ್ಮ ಮನೆಯ ಯಂತ್ರಕ್ಕೂ ಅದೇ ದಾರಿ ತೆರೆದಿದೆ.

ಆನ್ ಮಾಡಿ, ಚುಕ್ಕಿಗಳು ಸುತ್ತಲು ಶುರುವಾದಾಗ ಪವರ್ ಗುಂಡಿಯನ್ನು 10 ಸೆಕೆಂಡು ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಸಲ ಮಾಡಿದರೆ ಸಾಮಾನ್ಯವಾಗಿ ಮೂರನೆಯ ಸಲ ವಿಂಡೋಸ್ ತನ್ನ ದುರಸ್ತಿ ಪರದೆಯನ್ನು ತಾನೇ ತೆರೆಯುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಇರುತ್ತದೆ.

ಒಂದು ಮಾತು. ಈಗಿನ ಅನೇಕ ಕಂಪ್ಯೂಟರುಗಳ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಅದು ಗೊತ್ತೂ ಇರುವುದಿಲ್ಲ. ಬಯೋಸ್ ಬದಲಿಸಿದಾಗ, ದುರಸ್ತಿಗೆ ಇಳಿದಾಗ 48 ಅಂಕಿಗಳ ಕೀಲಿ ಕೇಳಬಹುದು. ಮೊಬೈಲಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿ, ಹೆಚ್ಚಿನವರ ಕೀಲಿ ಅಲ್ಲಿ ಉಳಿದಿರುತ್ತದೆ. ಕಂಪ್ಯೂಟರ್ ಚೆನ್ನಾಗಿರುವ ಇವತ್ತೇ ಅದನ್ನು ಕಾಗದದ ಮೇಲೆ ಬರೆದಿಡುವುದು ಇನ್ನೂ ಒಳ್ಳೆಯದು.

ದುರಸ್ತಿಗೆ ಮೊದಲು ಫೈಲುಗಳನ್ನು ಹೊರತೆಗೆಯಿರಿ. ಇದಕ್ಕೊಂದು ಸೊಗಸಾದ ಒಳದಾರಿಯಿದೆ. ಪೆನ್‌ಡ್ರೈವ್ ಸಿಕ್ಕಿಸಿ, ಅದೇ ‘ಅಡ್ವಾನ್ಸ್ಡ್ ಆಪ್ಷನ್ಸ್’ ಪರದೆಯಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರ ಫೈಲ್ ಮೆನುವಿನಲ್ಲಿ ‘ಓಪನ್’ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿಕೊಂಡರೆ ನಿಮ್ಮ ಡಿಸ್ಕಿನ ಫೋಲ್ಡರುಗಳೆಲ್ಲ ಆ ಪುಟ್ಟ ಕಿಟಕಿಯಲ್ಲಿ ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಡ್ರೈವುಗಳ ಅಕ್ಷರಗಳು (ಸಿ, ಡಿ ಇತ್ಯಾದಿ) ಇಲ್ಲಿ ಅದಲು ಬದಲಾಗಿರಬಹುದು, ಗಾಬರಿ ಬೇಡ. ಕಾಪಿ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಇರುವುದಿಲ್ಲವಾದ್ದರಿಂದ ತಾಳ್ಮೆಯಿಂದ ಕಾಯಬೇಕು. ಏಳಲಾರದ ಕಂಪ್ಯೂಟರಿನಿಂದ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊಗಳು ಹೀಗೆ ಒಂದೊಂದಾಗಿ ಪೆನ್‌ಡ್ರೈವಿಗೆ ಬಂದು ಸೇರುವಾಗ ಪಕ್ಕದಲ್ಲಿ ಕುಳಿತ ತಾಯಿಯ ಮುಖವನ್ನು ನಾನು ನೋಡಿದ್ದೇನೆ. ಇದು ಆಗದಿದ್ದರೆ ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ಫೈಲುಗಳನ್ನು ನಕಲು ಮಾಡಿಕೊಳ್ಳಬಹುದು.

ಫೈಲುಗಳು ಕೈಗೆ ಬಂದ ಮೇಲೆ ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಒತ್ತಿ. ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ವಿಂಡೋಸ್ ಹಿಂದೊಮ್ಮೆ ತನ್ನ ಸ್ಥಿತಿಯನ್ನು ಉಳಿಸಿಟ್ಟ ರಿಸ್ಟೋರ್ ಪಾಯಿಂಟ್ ಇದ್ದರೆ ‘ಸಿಸ್ಟಮ್ ರಿಸ್ಟೋರ್’. ಹೊಸ ಡ್ರೈವರ್ (ಪ್ರಿಂಟರಿನಂಥ ಭಾಗವನ್ನು ನಡೆಸುವ ಪ್ರೋಗ್ರಾಂ) ಅಥವಾ ಆಂಟಿವೈರಸ್ ಹಾಕಿದ ಮೇಲೆ ಹೀಗಾಗಿದ್ದರೆ ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ಗೆ ಹೋಗಿ, ರಿಸ್ಟಾರ್ಟ್ ಆದ ಮೇಲೆ ಬರುವ ಪಟ್ಟಿಯಲ್ಲಿ ಸೇಫ್ ಮೋಡಿಗಾಗಿ 4 ಒತ್ತಿ. ಸೇಫ್ ಮೋಡಿನಲ್ಲಿ ವಿಂಡೋಸ್ ಅತ್ಯಗತ್ಯವಾದಷ್ಟನ್ನೇ ಹೊತ್ತು ಏಳುತ್ತದೆ, ಅಲ್ಲಿಂದ ಹೊಸದಾಗಿ ಹಾಕಿದ್ದನ್ನು ತೆಗೆಯಬಹುದು. ಯಾವುದೂ ಫಲ ಕೊಡದಿದ್ದಾಗ ಉಳಿಯುವುದು ‘ರಿಸೆಟ್ ದಿಸ್ ಪಿಸಿ’. ಅಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಕಡತಗಳು ಉಳಿದು, ಹಾಕಿಕೊಂಡ ಪ್ರೋಗ್ರಾಂಗಳೂ ಬದಲಿಸಿಕೊಂಡ ಸೆಟ್ಟಿಂಗುಗಳೂ ಹೋಗುತ್ತವೆ.

ಅಂಗಡಿಗೆ ಒಯ್ಯುವಾಗ

ಎಲ್ಲವನ್ನೂ ಮನೆಯಲ್ಲೇ ಸರಿಮಾಡಲು ಆಗುವುದಿಲ್ಲ. ಒಳ್ಳೆಯ ರಿಪೇರಿಯವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಬೇಕಾಗಿರುವುದು ಸರಿಯಾದ ಮಾಹಿತಿ. ಒಂದು ಚೀಟಿಯಲ್ಲಿ ಬರೆಯಿರಿ: ಯಾವ ಮೆಟ್ಟಿಲಿನಲ್ಲಿ ನಿಂತಿದೆ, ಎಷ್ಟು ಬೀಪ್ ಬಂತು, ಹಿಂದಿನ ದಿನ ಏನು ಬದಲಾಯಿಸಿದಿರಿ, ನೀವು ಈಗಾಗಲೇ ಏನೇನು ಮಾಡಿ ನೋಡಿದ್ದೀರಿ. ಕೊನೆಯ ಸಾಲನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ: ‘ಒಳಗಿನ ಡೇಟಾ ಬೇಕು. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ.’ ಬಾಯಲ್ಲಿ ಹೇಳಿದ್ದು ಅಂಗಡಿಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಕಳೆದುಹೋಗುತ್ತದೆ, ಆದ್ದರಿಂದ ಚೀಟಿಯನ್ನು ಡಬ್ಬಿಗೇ ಅಂಟಿಸಿ. ಡಿಸ್ಕ್ ಬದಲಾಯಿಸಿದರೆ ಹಳೆಯದನ್ನು ಕೇಳಿ ವಾಪಸ್ ಪಡೆಯಿರಿ.

ಮೇಷ್ಟ್ರು ಈಗ ಅದೇ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಮತ್ತೆ ಟೈಪ್ ಮಾಡುತ್ತಿದ್ದಾರೆ. ಪ್ರತಿ ಭಾನುವಾರ ಸಂಜೆ ಪೆನ್‌ಡ್ರೈವ್ ಹಿಡಿದು ನಮ್ಮ ಮನೆಗೆ ಬರುತ್ತಾರೆ, ಆ ವಾರದ ಹಾಡುಗಳ ಒಂದು ಪ್ರತಿ ನನ್ನ ಕಂಪ್ಯೂಟರಿಗೂ ಸೇರುತ್ತದೆ.